ಸೆಮ್‌ಗ್ರೆಪ್ ಅನ್ನು ಎಐ ಅಸಿಸ್ಟೆಂಟ್‌ಗೆ ಜೋಡಿಸಿದ್ದೀವಿ, ಆದರೆ 'ಕ್ಲೀನ್' ಅನ್ನೋದನ್ನ ನಂಬೋದು ಹೇಗೆ?

ಮಂಡಿಲೆಕ್ಕ (ದಾವಣಗೆರೆ):
ನಮ್ಮದು ಎಪಿಎಂಸಿ ದಲ್ಲಾಳಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್. ಪೈಥಾನ್‌ನ ಜ್ಯಾಂಗೋ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಮೆಕ್ಕೆಜೋಳ ತಂದ ರೈತರ ಬ್ಯಾಂಕ್ ಖಾತೆ ನಂಬರ್ ಎಲ್ಲಾ ಅದರೊಳಗೇ ಇದೆ. ಎಐ ಜೊತೆ ಕೋಡ್ ಬರೆಯೋಕೆ ಟೀಮಿನಲ್ಲಿ ಕೆಲವರು ಕರ್ಸರ್, ಕೆಲವರು ವಿಎಸ್ ಕೋಡ್, ಒಬ್ಬರು ಕ್ಲಾಡ್ ಕೋಡ್ ಬಳಸ್ತಾರೆ. ಕೋಡ್‌ನ ಭದ್ರತಾ ದೋಷ ಹುಡುಕೋ ಸ್ಕ್ಯಾನರ್ ಸೆಮ್‌ಗ್ರೆಪ್‌ನ ಎಂಸಿಪಿ ಸರ್ವರ್ (ಅಸಿಸ್ಟೆಂಟ್‌ಗೆ ಹೊರಗಿನ ಸಾಧನ ಜೋಡಿಸೋ ಕೊಂಡಿ) ಅನ್ನು ನಮ್ಮದೇ ಶೆಲ್ ಸ್ಕ್ರಿಪ್ಟ್ ಮೂಲಕ ಶುರು ಮಾಡ್ತೀವಿ. ಮೂರು ತೊಂದರೆ:

ಕರ್ಸರ್‌ನ ಕಾನ್ಫಿಗ್ ಫೈಲನ್ನೇ ವಿಎಸ್ ಕೋಡ್‌ಗೆ ಕಾಪಿ ಮಾಡಿದರೆ ಸರ್ವರ್ ಕಾಣಿಸೋದೇ ಇಲ್ಲ. ಕರ್ಸರ್‌ನಲ್ಲಿ ಕಾಣಿಸುತ್ತೆ, ಆದರೆ ಜೇಸನ್ ಓದಲಾಗಲಿಲ್ಲ ಅಂತ ಹೇಳಿ ಮುಚ್ಚಿಕೊಳ್ಳುತ್ತೆ. ಇನ್ನು ಕ್ಲಾಡ್ ಕೋಡ್‌ನಲ್ಲಿ ಓಡುತ್ತೆ, 'ಎಲ್ಲಾ ಸರಿಪಡಿಸಿದೆ, ಸ್ಕ್ಯಾನ್ ಕ್ಲೀನ್' ಅಂತ ಬರುತ್ತೆ. ಈ ಮೂರನೇದೇ ಹೆಚ್ಚು ಅನುಮಾನ.

ಕೋಟೆನಾಡಿನವ (ಚಿತ್ರದುರ್ಗ):
ಮೊದಲನೇದು ಸುಲಭ. ಕರ್ಸರ್ ಫೈಲಿನಲ್ಲಿ ಮೇಲಿನ ಕೀ 'ಎಂಸಿಪಿಸರ್ವರ್ಸ್', ವಿಎಸ್ ಕೋಡ್‌ನ ಎಂಸಿಪಿ ಫೈಲಿನಲ್ಲಿ ಬರೀ 'ಸರ್ವರ್ಸ್'. ಅದೊಂದು ಪದ ಬದಲಿಸ್ರಿ.

ಎರಡನೇದಕ್ಕೆ ನಿಮ್ಮ ಶೆಲ್ ಸ್ಕ್ರಿಪ್ಟೇ ಕಾರಣ ಇರಬೇಕು. ಎಂಸಿಪಿ ಎಸ್‌ಟಿಡಿಐಒ (ಪ್ರೋಗ್ರಾಮಿನ ಮಾಮೂಲಿ ಇನ್‌ಪುಟ್-ಔಟ್‌ಪುಟ್ ದಾರಿ) ಮೂಲಕ ಓಡುವಾಗ ಅದರ ಔಟ್‌ಪುಟ್ ಭಾಗ ಎಸ್‌ಟಿಡಿಔಟ್ ಪೂರ್ತಿ ಜೇಸನ್-ಆರ್‌ಪಿಸಿ ಸಂದೇಶಗಳಿಗೇ ಮೀಸಲು. 'ಸ್ಕ್ಯಾನರ್ ಶುರುವಾಗ್ತಿದೆ' ಅಂತ ಒಂದು ಎಕೋ ಹಾಕಿದರೂ ಸಾಕು, ಅಸಿಸ್ಟೆಂಟ್ ಅದನ್ನ ಜೇಸನ್ ಅಂತ ಓದೋಕೆ ಹೋಗಿ ಮುಗ್ಗರಿಸುತ್ತೆ. ಎಕೋ, ಪಿಪ್‌ನ ಔಟ್‌ಪುಟ್, ಎಲ್ಲಾ ಲಾಗ್‌ಗಳನ್ನೂ ಎಸ್‌ಟಿಡಿಎರರ್‌ಗೆ (ದೋಷ ಸಂದೇಶಗಳ ಬೇರೆ ದಾರಿ) ತಿರುಗಿಸ್ರಿ. ವರ್ಚುವಲ್ ಎನ್ವಿರಾನ್ಮೆಂಟ್ ಇದ್ದರೆ ಸೆಮ್‌ಗ್ರೆಪ್‌ನ ಪೂರ್ತಿ ಪಾತ್ ಕೊಡ್ರಿ. ಮೆನುವಿನಿಂದ ತೆರೆದ ಎಡಿಟರ್‌ಗೆ ನಿಮ್ಮ ಟರ್ಮಿನಲ್‌ನ ಪಾತ್ ಸೆಟ್ಟಿಂಗ್ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ.

ಹಳೆಪೇಟೆ_ಪೈಥಾನ್:
ಮೂರನೇದಕ್ಕೆ ನಾನು ಹೇಳ್ತೀನಿ. ಎಂಸಿಪಿ ಕೊಟ್ಟರೆ ಸ್ಕ್ಯಾನ್ ಕರೆಯೋದು ಬಿಡೋದು ಮಾಡೆಲ್‌ನ ಇಷ್ಟ. ಸೂಚನೆಯ ಫೈಲಿನಲ್ಲಿ 'ಪ್ರತಿ ಸಲ ಸ್ಕ್ಯಾನ್ ಮಾಡು' ಅಂತ ಬರೆದಿದ್ದರೂ ಮಾತುಕತೆ ಉದ್ದವಾದಂತೆ ಮರೆಯುತ್ತೆ. ಪಾಸು ಫೇಲು ಹೇಳೋ ಅಧಿಕಾರ ಅದರ ಕೈಗೆ ಕೊಡಬೇಡ್ರಿ.

ಕ್ಲಾಡ್ ಕೋಡ್‌ನಲ್ಲಿ ಪೋಸ್ಟ್‌ಟೂಲ್‌ಯೂಸ್ ಹುಕ್ (ಟೂಲ್ ಬಳಸಿದ ಕೂಡಲೇ ತಾನಾಗಿ ಓಡೋ ಸ್ಕ್ರಿಪ್ಟ್) ಹಾಕಿ, ಎಡಿಟ್ ಮತ್ತು ರೈಟ್ ಟೂಲ್ ಎರಡಕ್ಕೂ. ಆ ಟೂಲ್‌ಗಳಿಂದ ಫೈಲ್ ಬದಲಾದಾಗೆಲ್ಲ ಆ ಫೈಲಿನ ಮೇಲೆ ಸೆಮ್‌ಗ್ರೆಪ್ ತಾನಾಗಿ ಓಡುತ್ತೆ. ಎಡವೋದು ಎಕ್ಸಿಟ್ ಕೋಡ್‌ನಲ್ಲಿ (ಪ್ರೋಗ್ರಾಂ ಮುಗಿದಾಗ ಕೊಡೋ ಸಂಖ್ಯೆ). ಸೆಮ್‌ಗ್ರೆಪ್ ಸ್ಕ್ಯಾನ್ ದೋಷ ಕಂಡರೂ ಸುಮ್ಮನೆ 0 ಕೊಡುತ್ತೆ. '--ಎರರ್' ಸೇರಿಸಿದರೆ 1. ಆದರೆ ಎಕ್ಸಿಟ್ ಕೋಡ್ ಮೂಲಕ ಹುಕ್ ವರದಿ ಮಾಡೆಲ್‌ಗೆ ತಲುಪಬೇಕಾದರೆ 2 ಬೇಕು, ಅದೂ ಎಸ್‌ಟಿಡಿಎರರ್‌ನಲ್ಲಿ ಬರೆದದ್ದು ಮಾತ್ರ. 1 ಬಂದರೆ ಅದು ಮಾಡೆಲ್‌ಗೆ ಹೋಗದೆ ಕೆಲಸ ಮುಂದುವರಿಯುತ್ತೆ. ಹಾಗಾಗಿ ನಡುವೆ ಸಣ್ಣ ಸ್ಕ್ರಿಪ್ಟ್: 1 ಬಂದರೆ ಔಟ್‌ಪುಟ್ ಅನ್ನು ಎಸ್‌ಟಿಡಿಎರರ್‌ಗೆ ತಳ್ಳಿ 2 ಕೊಟ್ಟು ಹೊರಬರಬೇಕು. ಸೆಮ್‌ಗ್ರೆಪ್ ತಾನೇ ಕೆಟ್ಟು ನಿಂತರೂ 2 ಕೊಡುತ್ತೆ, ಅದಕ್ಕೆ ಬೇರೆ ಸಂದೇಶ ಬರೆಯಿರಿ. ಇಲ್ಲಾಂದ್ರೆ ಮಾಡೆಲ್ ಇಲ್ಲದ ದೋಷ ಹುಡುಕಿಕೊಂಡು ಕೋಡ್ ಕೆದಕುತ್ತೆ.

ಇನ್ನು 'ಸರಿಪಡಿಸಿದೆ' ಅನ್ನೋದು. ಡಿಫ್‌ನಲ್ಲಿ (ಕೋಡ್‌ನಲ್ಲಿ ಬದಲಾದ ಸಾಲುಗಳ ಪಟ್ಟಿ) ಮೊದಲು 'ನೋಸೆಮ್‌ಗ್ರೆಪ್' ಕಾಮೆಂಟ್ ಹುಡುಕಿ. ಆ ಸಾಲು ಸೇರಿಸಿದರೆ ದೋಷ ಅಲ್ಲೇ ಇರುತ್ತೆ, ಸ್ಕ್ಯಾನರ್ ಮಾತ್ರ ಬಾಯಿ ಮುಚ್ಚುತ್ತೆ. ಆಮೇಲೆ ಎಸ್‌ಕ್ಯೂಎಲ್. ಖಾತೆ ನಂಬರನ್ನು ಎಫ್-ಸ್ಟ್ರಿಂಗ್‌ನಲ್ಲಿ (ಮೌಲ್ಯ ನೇರ ಸೇರಿಸೋ ಪೈಥಾನ್ ಸ್ಟ್ರಿಂಗ್) ತುರುಕಿದ್ದ ಎಕ್ಸಿಕ್ಯೂಟ್ ಸಾಲನ್ನ ತಿದ್ದಿದ ಮೇಲೆ '%ಎಸ್' ಕಾಣಿಸುತ್ತೆ, ನೋಡಿದರೆ ಸರಿಯಾಗಿದೆ ಅನ್ನಿಸುತ್ತೆ. ಕೋಟ್ ಮುಗಿದ ಮೇಲೆ ಏನಿದೆ ನೋಡ್ರಿ. ಕಾಮಾ ಇದ್ದು ಆಮೇಲೆ ಪಟ್ಟಿ ಇದ್ದರೆ ಡ್ರೈವರ್ ಮೌಲ್ಯವನ್ನು ಡೇಟಾ ಅಂತಲೇ ನೋಡುತ್ತೆ. ಕಾಮಾ ಜಾಗದಲ್ಲಿ % ಇದ್ದರೆ ಪೈಥಾನ್ ಮೊದಲೇ ಎರಡನ್ನೂ ಅಂಟಿಸಿರುತ್ತೆ, ಇಂಜೆಕ್ಷನ್ (ಹೊರಗಿನ ಮೌಲ್ಯವೇ ಎಸ್‌ಕ್ಯೂಎಲ್ ಆದೇಶವಾಗಿ ಓಡೋ ದೋಷ) ಹಾಗೇ ಇದೆ.

ಅದಕ್ಕಿಂತ ಕಷ್ಟದ್ದು, ಸ್ಟ್ರಿಂಗ್ ಕಟ್ಟೋ ಕೆಲಸವನ್ನ ಇನ್ನೊಂದು ಫಂಕ್ಷನ್‌ಗೆ ಎತ್ತಿಡೋದು. ಸೆಮ್‌ಗ್ರೆಪ್‌ನ ಉಚಿತ ಆವೃತ್ತಿ ಟೇಂಟ್ (ಹೊರಗಿನಿಂದ ಬಂದ ನಂಬಲಾಗದ ಡೇಟಾ) ಅನ್ನು ಒಂದೇ ಫಂಕ್ಷನ್‌ನೊಳಗೆ ಹಿಂಬಾಲಿಸುತ್ತೆ, ಆಚೆ ಹೋದರೆ ಕಾಣಲ್ಲ. ಕ್ಲೀನ್ ಅನ್ನೋ ವರದಿ ಅಲ್ಲಿ ಸುಳ್ಳಲ್ಲ, ಕುರುಡು. ಆರ್ಡರ್ ಬೈ ಕಾಲಂ ಹೆಸರನ್ನ ಪ್ಯಾರಾಮೀಟರ್ ಮಾಡೋಕಾಗಲ್ಲ, ಒಪ್ಪಿತ ಹೆಸರುಗಳ ಪಟ್ಟಿ ಇಟ್ಟು ಅದರಿಂದಲೇ ಆರಿಸಬೇಕು.

ಕೋಟೆನಾಡಿನವ (ಚಿತ್ರದುರ್ಗ):
ರೈತರ ಡೇಟಾ ಅಂದ್ರಲ್ಲ, ಅದಕ್ಕೆ ಎರಡು ಮಾತು. ಗಿಟ್‌ಲೀಕ್ಸ್ (ಕೋಡ್‌ನಲ್ಲಿ ಉಳಿದ ಪಾಸ್‌ವರ್ಡ್ ಹುಡುಕೋ ಸಾಧನ) ಜೋಡಿಸೋದಾದರೆ '--ರಿಡ್ಯಾಕ್ಟ್' ಕಡ್ಡಾಯ. ಇಲ್ಲದಿದ್ದರೆ ಸಿಕ್ಕ ಪಾಸ್‌ವರ್ಡ್ ವರದಿಯೊಳಗೆ ಪೂರ್ತಿ ಬಂದು ನೇರ ಮಾಡೆಲ್‌ಗೆ ಹೋಗುತ್ತೆ. ಸೋರಿಕೆ ಹಿಡಿಯೋ ಸಾಧನವೇ ಸೋರಿದ ಹಾಗೆ. ಸೆಮ್‌ಗ್ರೆಪ್‌ನ ಮೆಟ್ರಿಕ್ಸ್ (ಬಳಕೆಯ ಮಾಹಿತಿ ಕಳಿಸೋದು) ಆಫ್ ಮಾಡಿದರೆ 'ಆಟೋ' ಕಾನ್ಫಿಗ್ ಓಡಲ್ಲ, ಎರರ್ ಕೊಡುತ್ತೆ. ಬದಲು 'ಪಿ/ಡೀಫಾಲ್ಟ್' ರೂಲ್‌ಸೆಟ್ ಹಾಕ್ರಿ.

ಹಳೇ ಪ್ರಾಜೆಕ್ಟ್ ಪೂರ್ತಿ ಸ್ಕ್ಯಾನ್ ಮಾಡಿ ಆ ಜೇಸನ್ನೆಲ್ಲ ಮಾಡೆಲ್‌ಗೆ ಸುರೀಬೇಡ್ರಿ, ಕಾಂಟೆಕ್ಸ್ಟ್ (ಅದು ಒಮ್ಮೆಗೆ ಗಮನದಲ್ಲಿಡೋ ಜಾಗ) ತುಂಬಿ ಕೆಲಸವೇ ದಾರಿ ತಪ್ಪುತ್ತೆ. '--ಬೇಸ್‌ಲೈನ್-ಕಮಿಟ್'ಗೆ ಹಳೇ ಕಮಿಟ್ ಕೊಟ್ಟರೆ ಅದರ ನಂತರದ ಹೊಸ ದೋಷ ಮಾತ್ರ ಬರುತ್ತೆ. ಲೈಬ್ರರಿಗಳಿಗೆ ಪಿಪ್-ಆಡಿಟ್ ಬೇರೆ ಓಡಿಸ್ರಿ. ಆದರೆ ಅದು ಗೊತ್ತಿರೋ ದೋಷಗಳನ್ನಷ್ಟೇ ಹೇಳೋದು. ಮಾಡೆಲ್ ಕಲ್ಪಿಸಿಕೊಂಡ ಹೆಸರಿನಲ್ಲೇ ಯಾರಾದರೂ ದುರುದ್ದೇಶದ ಪ್ಯಾಕೇಜ್ ಏರಿಸಿಟ್ಟಿದ್ದರೆ ಅದು ಗೊತ್ತಾಗಲ್ಲ. ಹೊಸ ಹೆಸರು ರಿಕ್ವೈರ್‌ಮೆಂಟ್ಸ್ ಫೈಲಿಗೆ ಬಂದರೆ ಇನ್‌ಸ್ಟಾಲ್‌ಗೆ ಮೊದಲೇ ಮನುಷ್ಯರು ನೋಡಬೇಕು.

ಮಂಡಿಲೆಕ್ಕ (ದಾವಣಗೆರೆ):
ಎಕೋ ಸಾಲೇ ಕಾರಣ, ತೆಗೆದ ಮೇಲೆ ಕರ್ಸರ್ ಸರಿ ಹೋಯ್ತು. ಇದನ್ನೆಲ್ಲ ಪ್ರೀ-ಕಮಿಟ್ ಹುಕ್‌ನಲ್ಲೇ (ಕಮಿಟ್‌ಗೆ ಮೊದಲು ಓಡೋ ತಪಾಸಣೆ) ಹಾಕಿದರೆ ಎಲ್ಲಾ ಎಡಿಟರ್‌ಗೂ ಸಾಲದಾ?

ಹಳೆಪೇಟೆ_ಪೈಥಾನ್:
ಹಾಕಿ, ಆದರೆ ಅಷ್ಟೇ ಸಾಲದು. '--ನೋ-ವೆರಿಫೈ' ಕೊಟ್ಟರೆ ಪ್ರೀ-ಕಮಿಟ್ ಓಡೋದೇ ಇಲ್ಲ, ಕಮಿಟ್ ನಿಂತಾಗ ಅಸಿಸ್ಟೆಂಟ್‌ಗಳು ಆ ದಾರಿ ಹಿಡಿಯೋದುಂಟು. ಅದೇ ಸ್ಕ್ಯಾನ್ ಸಿಐನಲ್ಲೂ (ಕೋಡ್ ಸರ್ವರ್‌ಗೆ ಬಂದಾಗ ತಾನಾಗಿ ಓಡೋ ತಪಾಸಣೆ) ಇರಲಿ, '--ಡಿಸೇಬಲ್-ನೋಸೆಮ್' ಸೇರಿಸಿ. ಆಗ ಮೇಲೆ ಹೇಳಿದ ಬಾಯಿ ಮುಚ್ಚಿಸೋ ಕಾಮೆಂಟ್ ಕೂಡ ನಡೆಯಲ್ಲ. ಮೇನ್ ಬ್ರಾಂಚ್‌ಗೆ ಪ್ರೊಟೆಕ್ಷನ್ ಹಾಕಿ ಆ ಚೆಕ್ ಕಡ್ಡಾಯ ಮಾಡಿ. ಸಿಐನ ಯಾಮಲ್ ಫೈಲ್ ಬದಲಾದರೆ ಒಬ್ಬರ ಅನುಮತಿ ಬೇಕು ಅಂತಲೂ ಇಡಿ, ಅಸಿಸ್ಟೆಂಟ್‌ಗೆ ಆ ಫೈಲೂ ತಿದ್ದೋಕೆ ಬರುತ್ತೆ.