ವಂಡರ್‌ಲಾಗೆ ಹೊರಟ ನಮ್ಮ ಅಕ್ಕೋರಿಗೆ

ತಂಗಿ, ನಿನ್ನ ಮೆಸೇಜ್ ಈಗ ನೋಡಿದೆ. ಆರು, ಏಳನೇ ಕ್ಲಾಸಿನ ನೂರು ಮಕ್ಕಳು, ಎರಡು ಬಸ್ಸು, ಆರು ಜನ ಅಕ್ಕೋರು-ಮಾಸ್ತರು, ಕುಮಟಾದಿಂದ ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಆಟದ ಪಾರ್ಕಿಗೆ, ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀಯ. ಒಂದು ಸೀಟಿ ಕೊಂಡುಕೊಂಡರೆ ಸಾಕು ಅಂತ ಮಾವ ಹೇಳಿಬಿಟ್ಟಿದ್ದಾರೆ. ಮಾವಾ, ಬೇಜಾರು ಮಾಡಿಕೊಳ್ಳಬೇಡಿ, ಅಲ್ಲಿ ನೀರಿನ ಹತ್ತಿರ ಗಾರ್ಡುಗಳೇ ಸೀಟಿ ಊದುತ್ತಾ ಇರುತ್ತಾರೆ, ಅದರ ನಡುವೆ ಇವಳ ಸೀಟಿ ಯಾರಿಗೆ ಕೇಳಬೇಕು? ಉದ್ದ ಆಗುತ್ತದೆ, ಪುರಸೊತ್ತಿದ್ದಾಗ ಓದು.

ಮೊದಲನೇ ಕೆಲಸ, ಮಕ್ಕಳ ಎತ್ತರ ಅಳೆಯಿರಿ. ತಮಾಷೆ ಅಲ್ಲ. ಅಲ್ಲಿ ಬಹಳಷ್ಟು ದೊಡ್ಡ ಆಟಗಳಿಗೆ 140 ಸೆಂಟಿಮೀಟರ್ ಬೇಕು, ಅಂದರೆ ಹತ್ತಿರ ಹತ್ತಿರ ನಾಲ್ಕು ಅಡಿ ಏಳು ಇಂಚು. ಆರು-ಏಳನೇ ಕ್ಲಾಸು ಅಂದರೆ ಸರಿಯಾಗಿ ಆ ಗೆರೆಯ ಆಚೆ ಈಚೆ ಇರುವ ವಯಸ್ಸು. ನೀವು ಹಾಜರಿ ನಂಬರ್ ಪ್ರಕಾರ ಹತ್ತು ಹತ್ತು ಮಕ್ಕಳ ಗುಂಪು ಮಾಡಿ ಕಳಿಸಿದರೆ, ಒಂದೇ ಗುಂಪಿನ ಆರು ಮಕ್ಕಳು ಒಳಗೆ, ನಾಲ್ಕು ಮಕ್ಕಳು ಗೇಟಿನ ಹೊರಗೆ. ಒಳಗೆ ಹೋದವರಿಗೆ ಬೆಲ್ಟ್ ಹಾಕಿ ಕೂರಿಸುತ್ತಾರೆ, ಅವರ ಚಿಂತೆ ಬೇಡ. ಹೊರಗೆ ನಿಂತ ನಾಲ್ವರು ಎಷ್ಟು ಹೊತ್ತು ಸುಮ್ನೆ ನಿಲ್ಲುತ್ತಾರೆ ಹೇಳು? ಕ್ಯೂ ಉದ್ದ ಇರುತ್ತದೆ, ಬೇಜಾರಾಗುತ್ತದೆ, ಐಸ್‌ಕ್ರೀಮ್ ಕಡೆ ಹೋಗುತ್ತಾರೆ, ಅಲ್ಲಿಂದ ಇನ್ನೆಲ್ಲಿಗೋ. ಮಕ್ಕಳು ತಪ್ಪಿಸಿಕೊಳ್ಳುವುದು ಆಟದಲ್ಲಿ ಅಲ್ಲ, ಆಟ ಸಿಗದೇ ಇದ್ದಾಗ.

ಹಾಗಾಗಿ ಗುಂಪು ಎತ್ತರದ ಮೇಲೆ ಆಗಲಿ. ಪಿಟಿ ಪಿರಿಯಡ್‌ನಲ್ಲಿ ಗೋಡೆಗೆ ಗೆರೆ ಎಳೆದು, ಚಪ್ಪಲಿ ಬಿಚ್ಚಿಸಿ, ಒಬ್ಬೊಬ್ಬರನ್ನೇ ಕರೆದು ನೋಡಿ. ಎಲ್ಲರೆದುರು ಕೂಗಿ ಹೇಳಬೇಡಿ, ಏಳನೇ ಕ್ಲಾಸಿನ ಗಂಡುಮಕ್ಕಳಿಗೆ ಅದೊಂದು ದೊಡ್ಡ ಅವಮಾನ. ಗೆಳತಿಯರನ್ನು ಬೇರೆ ಮಾಡಿದರು ಅಂತ ಒಂದಿಷ್ಟು ಅಳು ಬರುತ್ತದೆ, ಊಟಕ್ಕೆ ಎಲ್ಲ ಒಟ್ಟಿಗೇ ಕೂರುತ್ತೀರಿ ಅಂತ ಹೇಳಿದರೆ ಆಯಿತು. ಎತ್ತರ ಇದ್ದೂ ಹೆದರುವ ಮಕ್ಕಳು ಇರುತ್ತಾರಲ್ಲ, ಅವರನ್ನೂ ಸಣ್ಣವರ ಗುಂಪಿಗೇ ಹಾಕು, ಬಲವಂತ ಮಾಡಿ ಹತ್ತಿಸುವುದು ಬೇಡ. ಆ ಗುಂಪಿಗೆ ಚುರುಕಾದ ಒಬ್ಬರು ಇರಬೇಕು. ಸಾಮಾನ್ಯವಾಗಿ ಹೊಸದಾಗಿ ಸೇರಿದವರನ್ನೋ, ಮಂಡಿನೋವು ಇರುವವರನ್ನೋ ಅಲ್ಲಿ ನಿಲ್ಲಿಸಿ, ಉಳಿದ ಮಾಸ್ತರುಗಳೆಲ್ಲ ರೋಲರ್ ಕೋಸ್ಟರ್ ಹತ್ತುತ್ತಾರೆ. ನೀನು ಮೀಟಿಂಗ್‌ನಲ್ಲೇ ಇದನ್ನು ಎತ್ತು.

ಇನ್ನೊಂದು ವಿಷಯ, ಇದು ಸೂಕ್ಷ್ಮ. ಫಿಟ್ಸ್, ಹೃದಯದ ತೊಂದರೆ ಇರುವವರು ಇಂಥ ಆಟ ಹತ್ತಬಾರದು. ಆದರೆ ಫಾರ್ಮಿನಲ್ಲಿ ಕೇಳಿದರೆ ಪಾಲಕರು ಬರೆಯುವುದಿಲ್ಲ, ಅದರಲ್ಲೂ ಹೆಣ್ಣುಮಕ್ಕಳದ್ದಾದರೆ ಮುಚ್ಚಿಡುತ್ತಾರೆ. ನಾಳೆ ಮದುವೆಗೆ ತೊಂದರೆ ಅನ್ನುವ ಯೋಚನೆ ಅವರಿಗೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಬಂದಾಗ ಅಮ್ಮಂದಿರನ್ನು ಪಕ್ಕಕ್ಕೆ ಕರೆದು ಬಾಯಿಮಾತಿನಲ್ಲೇ ಕೇಳು. ಉಬ್ಬಸದ ಪಂಪು ಇರುವವರದ್ದು ಬಸ್ಸಿನ ಬ್ಯಾಗಿನಲ್ಲಿ ಉಳಿಯಬಾರದು, ಆ ಗುಂಪಿನ ಅಕ್ಕೋರ ಕೈಚೀಲದಲ್ಲಿರಬೇಕು. ಪ್ಯಾಡೂ ಇಟ್ಟುಕೋ. ನೀರಿಗೆ ಇಳಿಯುವುದಿಲ್ಲ ಅಂತ ಒಬ್ಬ ಹುಡುಗಿ ಹೇಳಿದರೆ ಯಾಕೆ ಅಂತ ಎರಡನೇ ಸಲ ಕೇಳಬೇಡಿ.

ನೀರಿನ ಬಟ್ಟೆ ಬಗ್ಗೆ ಮೊದಲೇ ಹೇಳಿಬಿಡಿ. ಹತ್ತಿ ಬಟ್ಟೆಯಲ್ಲಿ ಅಲ್ಲಿ ನೀರಿಗೆ ಬಿಡುವುದಿಲ್ಲ, ನೈಲಾನ್ ಥರದ್ದು ಬೇಕು. ಬಡವರ ಮಕ್ಕಳು ಅದಕ್ಕೇ ಹೊಸ ಬಟ್ಟೆ ಕೊಳ್ಳುವ ಹಾಗೆ ಆಗಬಾರದು, ಶಾಲೆಯ ಕ್ರೀಡಾ ಜೆರ್ಸಿ ಆಗುತ್ತದಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ.

ನಮ್ಮ ಮಕ್ಕಳು ಕಡಲ ತೀರದವರು, ನೀರು ಗೊತ್ತು ಅಂತ ನಿಮ್ಮ ಹೆಡ್‌ಮಾಸ್ತರು ಅಂದರಂತೆ. ಎಲ್ಲಿಯ ಗೊತ್ತು! ತೀರದಲ್ಲಿ ಹುಟ್ಟಿದವರಿಗೆಲ್ಲ ಈಜು ಬರುತ್ತದಾ? 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ಕು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ಹೋದರು. ಅಂದಿನಿಂದ ಪ್ರವಾಸ ಅಂದರೆ ಪಾಲಕರು ಹೆದರುತ್ತಾರೆ, ತಪ್ಪೇನಿಲ್ಲ. ಪಾರ್ಕಿನ ವೇವ್ ಪೂಲ್‌ನಲ್ಲಿ, ಅಂದರೆ ಮೆಷಿನ್ನಿನಿಂದ ಅಲೆ ಎಬ್ಬಿಸುವ ಕೊಳದಲ್ಲಿ, ಸಮುದ್ರದ ಹಾಗೆ ಒಳಕ್ಕೆ ಎಳೆಯುವ ಸೆಳೆತ ಇಲ್ಲ, ಗಾರ್ಡುಗಳೂ ಇರುತ್ತಾರೆ, ಆದರೆ ಡಿಸೆಂಬರ್‌ನಲ್ಲಿ ಅಲ್ಲಿ ಇರುವುದೆಲ್ಲ ಶಾಲೆಯ ಮಕ್ಕಳೇ, ಅಲೆ ಶುರುವಾದ ತಕ್ಷಣ ಎಲ್ಲ ಒಟ್ಟಿಗೆ ನುಗ್ಗುತ್ತಾರೆ, ಆ ಗದ್ದಲದಲ್ಲಿ ಒಂದು ಮಗು ಕಾಲು ಜಾರಿ ಕೆಳಗೆ ಹೋದರೆ ಪಕ್ಕದವನಿಗೂ ತಿಳಿಯುವುದಿಲ್ಲ. ಸೊಂಟದ ಮಟ್ಟದಿಂದ ಮುಂದೆ ಯಾರೂ ಹೋಗಕೂಡದು. ಇಬ್ಬರು ಟೀಚರು ನೀರಿನೊಳಗೆ ಆಳದ ಕಡೆಗೆ ನಿಂತು ಮಕ್ಕಳ ಕಡೆ ಮುಖ ಮಾಡಬೇಕು. ದಡದಲ್ಲಿ ಕುರ್ಚಿ ಹಾಕಿಕೊಂಡು ಫೋಟೋ ತೆಗೆಯುವವರು ಲೆಕ್ಕಕ್ಕಿಲ್ಲ.

ದಾರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. 400 ಕಿಲೋಮೀಟರಿಗಿಂತ ಜಾಸ್ತಿ, ದೇವಿಮನೆ ಘಟ್ಟದಲ್ಲೇ ವಾಂತಿ ಶುರು. ಅವೋಮಿನ್ ಮನೆಯವರೇ ಕೊಟ್ಟು ಕಳಿಸಲಿ, ನೀವು ಮಾತ್ರೆ ಹಂಚಬೇಡಿ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದ ಮಕ್ಕಳನ್ನು ಇಡ್ಲಿ ತಿನ್ನಿಸಿದ ಕೂಡಲೇ ತಿರುಗುವ ಆಟಕ್ಕೆ ಹತ್ತಿಸಿದರೆ ಅಲ್ಲೂ ಅದೇ ಕಥೆ.

ಎಣಿಸುವುದು ಪಾರ್ಕಿನ ಗೇಟಿನಲ್ಲಿ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ವಾಪಸ್ ಬರುವಾಗ, ತುಮಕೂರು ದಾಟಿದ ಮೇಲೆ ಟಾಯ್ಲೆಟ್‌ಗೆ ಅಂತ ನಿಲ್ಲಿಸಿದ ಢಾಬಾದಲ್ಲಿ. ಅರ್ಧ ಮಕ್ಕಳು ನಿದ್ದೆಯಲ್ಲಿರುತ್ತಾರೆ, ಒಬ್ಬಳು ಆ ಬಸ್ಸಿನಿಂದ ಇಳಿದು ಗೆಳತಿಯ ಜೊತೆ ಈ ಬಸ್ಸಿಗೆ ಹತ್ತಿರುತ್ತಾಳೆ. ತಲೆ ಎಣಿಸಿದರೆ ಆಗ ಲೆಕ್ಕ ತಪ್ಪುತ್ತದೆ. ಹೆಸರು ಕರೆದು, ಸೀಟಿನಲ್ಲಿ ಮುಖ ನೋಡಿ, ಆಮೇಲೆ ಡ್ರೈವರಿಗೆ ಹೇಳಿ.

ಮತ್ತೆ, ಪಾಲಕರ ಗ್ರೂಪಿಗೆ ಒಬ್ಬರೇ ಮೆಸೇಜ್ ಹಾಕಿ. ಆರು ಜನ ಆರು ಥರ ಬರೆದರೆ ಊರಲ್ಲಿ ಗಾಬರಿ. ಯಾರ ಹಣೆಗಾದರೂ ಸ್ವಲ್ಪ ತರಚಿದರೆ ಅವರ ಮನೆಗೆ ನೇರವಾಗಿ ಫೋನ್ ಮಾಡಿ. ನೀರಿನಲ್ಲಿರುವ ಹೆಣ್ಣುಮಕ್ಕಳ ಫೋಟೋ ಯಾವ ಗ್ರೂಪಿಗೂ ಬೇಡ, ಇದನ್ನು ಮಾಸ್ತರುಗಳಿಗೂ ಹೇಳಿಬಿಡು.