ವಿಷಯ: ಮಣ್ಣಿನಿಂದ ಗ್ಯಾಸು "ಸೋರುತ್ತದೆ" ಅನ್ನಬಹುದೇ? ನಾಳೆಯೊಳಗೆ ಪದ ಬೇಕು

ಕಾರವಾರದಿಂದ:

ಎಲ್ಲರಿಗೂ ನಮಸ್ಕಾರ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಒಂದು ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಉಪಗ್ರಹದ ಚಿತ್ರ ನೋಡಿ, ಮಣ್ಣು ಪರೀಕ್ಷೆ ಮಾಡಿ, ನೆಲದಡಿಯ ನೈಸರ್ಗಿಕ ಅನಿಲ ಹುಡುಕುವ ವಿಷಯ. ಮೈಕ್ರೋಸೀಪೇಜ್ ಅನ್ನುವಲ್ಲಿ ಸಿಕ್ಕಿಕೊಂಡಿದ್ದೇನೆ. ಆಳದ ಬಂಡೆಯಲ್ಲಿರುವ ಗ್ಯಾಸು ಕಣ್ಣಿಗೆ ಕಾಣದಷ್ಟು ಸ್ವಲ್ಪ ಸ್ವಲ್ಪವೇ ಮೇಲಿನ ಮಣ್ಣಿಗೆ ಬರುತ್ತಿರುತ್ತದಲ್ಲ, ಅದಕ್ಕೆ. "ಸೂಕ್ಷ್ಮ ಅನಿಲ ಸೋರಿಕೆ" ಅಂತ ಬರೆದಿದ್ದೆ. ಅದನ್ನು ಓದಿದ ಸಹೋದ್ಯೋಗಿ "ಎಲ್ಲಿ ಸೋರ್ತಾ ಇದೆ?" ಅಂತ ಗಾಬರಿಯಾದರು. ಸೋರಿಕೆ ಅಂದರೆ ಸಿಲಿಂಡರೇ ನೆನಪಾಗುತ್ತೆ, ಅಲ್ವಾ? ಇನ್ನೊಂದು, ಆ ಗ್ಯಾಸಿನಿಂದ ಕೆಂಪು ಮಣ್ಣು ಬಣ್ಣ ಕಳೆದುಕೊಳ್ಳುವುದಕ್ಕೆ "ಬಿಳಿಚಿಕೊಳ್ಳುವುದು" ಸರಿಯೇ?

ಶಿರಸಿಯಿಂದ:

ಸೋರಿಕೆ ಬೇಡವೇ ಬೇಡ. ಸೋರುವುದು ತೂತಾದ ಕೊಡ, ಹೆಂಚು ಜಾರಿದ ಮಾಡು. ಅದರಲ್ಲಿ ಕೆಟ್ಟುಹೋದದ್ದರ ಅರ್ಥ ಇದೆ. ನಿಮಗೆ ಬೇಕಾದ್ದು ಒಸರು. ಮಳೆಗಾಲದಲ್ಲಿ ನಮ್ಮ ಮನೆಯ ಹಿಂದಿನ ದರೆಗೆ, ಅಂದರೆ ಕಡಿದ ಮಣ್ಣಿನ ಗೋಡೆಗೆ, ಕೈ ಇಟ್ಟರೆ ಅಂಗೈ ಒದ್ದೆಯಾಗುತ್ತದೆ, ನೀರು ಹರಿಯುವುದು ಮಾತ್ರ ಕಾಣುವುದಿಲ್ಲ. ಅದು ಒಸರು. ಮೈಕ್ರೋ ಬೇಕಿದ್ದರೆ ಕಿರು + ಒಸರು = ಕಿರೊಸರು. ಲೋಪಸಂಧಿ, ದಯವಿಟ್ಟು ಕಿರುವೊಸರು ಅಂತ ಬರೆಯಬೇಡಿ. ಒಸರು, ಉಸಿರು ಎರಡಕ್ಕೂ ಬೇರು ಒಂದೇ ಅಂತ ನಾನು ಹಿಂದಿನಿಂದ ಹೇಳುತ್ತಲೇ ಬಂದಿದ್ದೇನೆ. ಭೂಮಿಯ ಉಸಿರು, ಭೂಮಿಯ ಒಸರು. ಗ್ಯಾಸಿಗೆ ಇದಕ್ಕಿಂತ ಒಳ್ಳೆಯ ಪದ ಎಲ್ಲಿ ಸಿಗುತ್ತದೆ?

ಹೊನ್ನಾವರದಿಂದ:

ಬೇರು ಒಂದೇ ಅಲ್ಲ. ತಮಿಳಿನ ಉಯಿರ್ ನಮ್ಮ ಉಸಿರ್. ಒಸರ್ ಬೇರೆ ಧಾತು. ಸದ್ದು ಹತ್ತಿರ ಇದೆ ಅಂತ ನಂಟು ಕಟ್ಟಬೇಡಿ. ಮೇಲಾಗಿ ಒಸರುವುದು ನೀರು, ಗಾಳಿ ಒಸರುವುದಿಲ್ಲ. ಸುಮ್ನೆ ಸೀಪೇಜ್ ಅಂತಲೇ ಬರೆಯಿರಿ. ಬಟಾಟೆ, ಚಾವಿ, ಪಗಾರ ಎಲ್ಲ ಪೋರ್ಚುಗೀಸರಿಂದ ಈ ಕರಾವಳಿಗೆ ಬಂದವು. ಅವಿಲ್ಲದೆ ನಮ್ಮ ಒಂದು ದಿನವೂ ಸಾಗುವುದಿಲ್ಲ. ಸೀಪೇಜ್ ಬಂದರೆ ಭಾಷೆ ಮುಳುಗುತ್ತದೆಯೇ?

ಕುಮಟಾದಿಂದ:

ನಾನು ಕೆಲವು ವರ್ಷ ಮಣ್ಣಿನ ಲ್ಯಾಬಿನಲ್ಲಿದ್ದವನು. ಪದದ ಮೊದಲು ಸಂಗತಿ ನೋಡೋಣ ಮಾರಾಯ್ರೆ.

ಗಾಳಿ ಒಸರುವುದಿಲ್ಲ ಅನ್ನುವುದು ಇಲ್ಲಿ ನಿಲ್ಲುವುದಿಲ್ಲ. ಬಂಡೆಯ ಬಿರುಕಿನಲ್ಲಿ ತುಂಬಿರುವುದು ನೀರು. ಆ ನೀರಿನೊಳಗೆ ಬಹಳ ಸಣ್ಣ ಗುಳ್ಳೆಗಳಾಗಿ ಗ್ಯಾಸು ಮೇಲೇರುತ್ತದೆ ಅನ್ನುವುದೇ ಹೆಚ್ಚಿನವರು ಒಪ್ಪುವ ವಿವರಣೆ. ಮೇಲೆ ಬಂದದ್ದರಲ್ಲಿ ಸ್ವಲ್ಪ ಮಣ್ಣಿನ ಕಣಕ್ಕೆ ಅಂಟಿಕೊಂಡು ಉಳಿಯುತ್ತದೆ. ಒಂದೆರಡು ಮೀಟರು ಕೊರೆದು ಮಣ್ಣು ತೆಗೆದು, ಲ್ಯಾಬಿನಲ್ಲಿ ಗಾಳಿ ಹೀರಿ ತೆಗೆದ ಪಾತ್ರೆಗೆ ಹಾಕಿ, ಆಸಿಡ್ ಬಿಟ್ಟಾಗ ಅದು ಬಿಡಿಸಿಕೊಂಡು ಬರುತ್ತದೆ. ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಅನ್ನುವ ಯಂತ್ರ ಅದನ್ನು ನೂರು ಕೋಟಿಯಲ್ಲಿ ಇಷ್ಟು ಭಾಗ ಅಂತ ಅಳೆಯುತ್ತದೆ. ಇಷ್ಟು ಮೆಲ್ಲಗೆ, ಇಷ್ಟು ಕಡಿಮೆ ಬರುವುದಕ್ಕೆ ಒಸರು ಸರಿಯಾಗಿ ಹೊಂದುತ್ತದೆ.

ಆದರೆ ಫಲಕದಲ್ಲಿ ಒಂದು ಮಾತು ಸೇರಿಸಿ. ನಮ್ಮ ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರು ಬರುವ) ಗದ್ದೆಯ ಕೆಸರಿಗೆ ಕಾಲಿಟ್ಟರೆ ಗುಳುಗುಳು ಅಂತ ಗುಳ್ಳೆ ಏಳುತ್ತದಲ್ಲ, ಅದರಲ್ಲೂ ಮೀಥೇನ್ ಇದೆ. ಕೊಳೆತ ಹುಲ್ಲು, ಬೇರುಗಳಿಂದ ಸೂಕ್ಷ್ಮಜೀವಿಗಳು ಮಾಡಿದ್ದು. ಆಳದ ಗ್ಯಾಸಲ್ಲ. ಅದಕ್ಕೇ ಬರೀ ಮೀಥೇನ್ ನಂಬುವುದಿಲ್ಲ, ಈಥೇನ್, ಪ್ರೊಪೇನ್, ಬ್ಯೂಟೇನ್ ಜೊತೆಗಿವೆಯೇ ಅಂತ ನೋಡುತ್ತಾರೆ. ಕೆಸರಿನ ಸೂಕ್ಷ್ಮಜೀವಿಗಳು ಅವನ್ನು ಮಾಡುವುದು ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಬಿಟ್ಟರೆ ನಾಳೆ ಹುಡುಗರು ಗದ್ದೆಗೆ ಹೋಗಿ "ಇಲ್ಲೂ ಒಸರು" ಅನ್ನುತ್ತಾರೆ.

ಬಿಳಿಚಿಕೊಳ್ಳುವುದು ಮುಖ, ಅದೂ ಜ್ವರ ಬಂದಾಗ. ನಮ್ಮ ಚಿರೆಕಲ್ಲಿನ ಕೆಂಪು ಆಮ್ಲಜನಕ ಕೂಡಿದ ಕಬ್ಬಿಣದ್ದು. ಗ್ಯಾಸು ಒಸರುವ ಕಡೆ ಬ್ಯಾಕ್ಟೀರಿಯಾ ಅದನ್ನು ತಿಂದು ಮಣ್ಣಿನ ರಸಾಯನ ಬದಲಾಗುತ್ತದೆ, ಆ ಕಬ್ಬಿಣ ನೀರಲ್ಲಿ ಕರಗುವ ರೂಪಕ್ಕೆ ತಿರುಗಿ ತೊಳೆದುಹೋಗುತ್ತದೆ. ಈ ಕೆಲಸದಲ್ಲಿ ಉಪಗ್ರಹ ಹುಡುಕುವುದು ಗ್ಯಾಸನ್ನಲ್ಲ, ಈ ಬಣ್ಣವನ್ನು. 1982ರಲ್ಲಿ ಲ್ಯಾಂಡ್‌ಸ್ಯಾಟ್ ಉಪಗ್ರಹದಲ್ಲಿ ಬಂದ ಥೀಮ್ಯಾಟಿಕ್ ಮ್ಯಾಪರ್ ಅನ್ನುವ ಉಪಕರಣದ ಚಿತ್ರದಲ್ಲಿ ಕೆಂಪು ಬೆಳಕಿನ ಅಳತೆಯನ್ನು ನೀಲಿಯ ಅಳತೆಯಿಂದ ಭಾಗಿಸಿದರೆ ಕಬ್ಬಿಣದ ಕೆಂಪು ಎಲ್ಲಿ ಕಡಿಮೆ ಅಂತ ಗೊತ್ತಾಗುತ್ತದೆ. ಹಾಗಾಗಿ "ಕೆಂಪು ಇಳಿದ ಮಣ್ಣು" ಅನ್ನಿ, ಸಾಕು.

ಶಿರಸಿಯಿಂದ:

ಧಾತುವಿನ ಮಾತು ಇನ್ನೂ ಮುಗಿದಿಲ್ಲ, ಆಧಾರ ಹುಡುಕಿ ಬರೆಯುತ್ತೇನೆ. ಬಟಾಟೆ ಬಂದದ್ದು ಗಡ್ಡೆಯ ಜೊತೆ, ನಮ್ಮಲ್ಲಿ ಆ ಗಡ್ಡೆ ಇರಲಿಲ್ಲ. ಒಸರು ನಮ್ಮ ದರೆಯಲ್ಲೇ ಇದೆ. ಇರುವ ಪದವನ್ನು ತಳ್ಳಿ ಹೊರಗಿನದನ್ನು ಕೂರಿಸುವುದಕ್ಕೆ ಎರವಲು ಅನ್ನುವುದಿಲ್ಲ.

ಹೊನ್ನಾವರದಿಂದ:

ಹಾಗಾದರೆ ಅನಿಲ ಅನ್ನುವುದನ್ನು ಯಾಕೆ ಹಾಗೇ ಇರಲು ಬಿಟ್ಟಿರಿ? ಅದೂ ಸಂಸ್ಕೃತದ ಎರವಲೇ. ಅನಿಲ ಅಂದರೆ ಗಾಳಿ, ಹನುಮಂತ ಅನಿಲಸುತ. ಈ ಊರಲ್ಲಿ ಅನಿಲ ಬಂತಾ ಅಂತ ಕೇಳಿದ ಒಬ್ಬರನ್ನು ತೋರಿಸಿ. ಗ್ಯಾಸ್ ಬಂತಾ ಅಂತಲೇ ಎಲ್ಲರೂ ಕೇಳುವುದು.

ಕಾರವಾರದಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಿರೊಸರು ಬಿಟ್ಟೆ, ಒಂಬತ್ತನೇ ಕ್ಲಾಸಿನ ತಂಗಿ ಅದನ್ನು ಊರಿನ ಹೆಸರು ಅಂದುಕೊಂಡಳು. ಒಸರು ಕೇಳಿದ ಕೂಡಲೇ ಬಾವಿಯ ಗೋಡೆ ತೋರಿಸಿದಳು. ಗ್ಯಾಸ್ ಅಂತಲೇ ಇಟ್ಟಿದ್ದೇನೆ. ಫ್ಲೆಕ್ಸಿಗೆ ಹೋಗುತ್ತಿರುವ ಸಾಲು ಇದು: "ಆಳದ ಗ್ಯಾಸು ಬಂಡೆಯ ಬಿರುಕಿನಲ್ಲಿ ಮೆಲ್ಲಗೆ ಒಸರಿ ಮೇಲೆ ಬರುತ್ತದೆ. ಅದು ಬಂದ ಕಡೆ ಮಣ್ಣಿನ ಕೆಂಪು ಇಳಿಯುತ್ತದೆ. ಉಪಗ್ರಹ ಆ ಬಣ್ಣವನ್ನು ನೋಡುತ್ತದೆ, ಲ್ಯಾಬು ಆ ಮಣ್ಣಿನಲ್ಲಿ ಈಥೇನ್ ಹುಡುಕುತ್ತದೆ." ಗಜನಿ ಗುಳ್ಳೆಯ ಮಾತು ಕೆಳಗೆ ಬೇರೆ ಚೌಕದಲ್ಲಿ ಹಾಕಿದ್ದೇನೆ. ತಪ್ಪಿದ್ದರೆ ನಾಳೆ ನಾಲ್ಕು ಗಂಟೆಯೊಳಗೆ ಹೇಳಿ.