ಸಾರಿಗೆ ಎಂಜಿನಿಯರಿಂಗ್‌ನಲ್ಲಿ ವೃತ್ತಿ: ರಸ್ತೆಯ ಕಡೆಗೆ ಹೋಗಲೇ, ಯೋಜನೆಯ ಕಡೆಗೆ ಹೋಗಲೇ?

ಪ್ರಶ್ನೆ (ಕಟಪಾಡಿಯ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಚಿಕ್ಕಂದಿನಲ್ಲಿ ಅಜ್ಜಿಯ ಕೈ ಹಿಡಿದು ಒಂದೇ ಉಸಿರಿಗೆ ದಾಟುತ್ತಿದ್ದ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದ ಮೇಲೆ, ಆಚೆ ಬದಿಯ ಬಸ್ಸು ಹಿಡಿಯಲು ಅದೇ ಅಜ್ಜಿ ಎಷ್ಟೋ ಹೊತ್ತು ವಿಭಜಕದ ಬಳಿ ನಿಂತುಕೊಳ್ಳುವುದನ್ನು ನೋಡುತ್ತಾ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತು. ಮನೆಯಲ್ಲಿ ಅಪ್ಪ, ಕಟ್ಟಡ ವಿನ್ಯಾಸದ ಕಡೆಗೆ ಹೋದರೆ ಬೇಗ ಕೆಲಸ ಸಿಗುತ್ತದೆ ಎನ್ನುತ್ತಾರೆ. ಹೆದ್ದಾರಿ ಎಂಜಿನಿಯರಿಂಗ್ ಮತ್ತು ಸಾರಿಗೆ ಯೋಜನೆ ಒಂದೇ ವೃತ್ತಿಯೇ? ಎಂ.ಟೆಕ್. ಮಾಡಲೇಬೇಕೇ? ಊರಿನಲ್ಲಿದ್ದುಕೊಂಡೇ ಈ ಆರು ತಿಂಗಳಲ್ಲಿ ಏನು ಕಲಿಯಬಹುದು? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಸುರತ್ಕಲ್, ಸಂಚಾರ ಸಮೀಕ್ಷೆ ಮತ್ತು ಯೋಜನೆಯ ಕೆಲಸ)

ಎರಡನ್ನೂ ಒಂದೇ ವಿಭಾಗದಲ್ಲಿ ಕಲಿಸುತ್ತಾರಾದರೂ ಕೆಲಸ ಬೇರೆ. ಹೆದ್ದಾರಿ ಎಂಜಿನಿಯರರು ತಿರುವು, ಏರು, ಪದರಗಳ ದಪ್ಪ, ನೀರು ಹೋಗುವ ದಾರಿ ಇವನ್ನು ನಿರ್ಧರಿಸುತ್ತಾರೆ. ಯೋಜನೆಯವರು ಎಲ್ಲಿಂದ ಎಷ್ಟು ಜನ ಹೊರಡುತ್ತಾರೆ, ಎಲ್ಲಿಗೆ ಹೋಗುತ್ತಾರೆ, ಯಾವ ವಾಹನದಲ್ಲಿ, ಯಾವ ದಾರಿಯಲ್ಲಿ ಎಂಬ ನಾಲ್ಕು ಲೆಕ್ಕ ಹಾಕಿ, ಆ ರಸ್ತೆ ಬೇಕೇ ಅಥವಾ ಬಸ್ಸು ಹೆಚ್ಚಿಸಿದರೆ ಸಾಕೇ ಎಂದು ಹೇಳುತ್ತಾರೆ. ಅಜ್ಜಿಯನ್ನು ನೆನೆದು ಪ್ರಶ್ನೆ ಕೇಳಿದ ನಿಮಗೆ ಎರಡನೆಯದೇ ಒಗ್ಗುತ್ತದೆ ಎಂದು ನನ್ನ ಅನಿಸಿಕೆ.

ನಾನು ಮೊದಲ ಸಲ ಮಂಗಳೂರಿನ ನಂತೂರು ವೃತ್ತದಲ್ಲಿ ವಾಹನ ಎಣಿಸಲು ನಿಂತಾಗ ನಡೆದದ್ದನ್ನು ಹೇಳುತ್ತೇನೆ. ಹಾಳೆಯಲ್ಲಿ ಹದಿನೈದು ನಿಮಿಷಕ್ಕೊಂದು ಸಾಲು, ವಾಹನದ ಬಗೆಗೊಂದು ಕಲಮು, ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುವುದು. ಮೂರು ಗಂಟೆ ಶ್ರದ್ಧೆಯಿಂದ ಎಣಿಸಿ, ಸಂಜೆ ಕಾರಿನ ಮಾನಕ್ಕೆ, ಅಂದರೆ ರಸ್ತೆಯ ಮೇಲೆ ಒಂದೊಂದು ವಾಹನ ಎಷ್ಟು ಕಾರುಗಳಿಗೆ ಸಮ ಎಂಬ ಲೆಕ್ಕಕ್ಕೆ, ಪರಿವರ್ತಿಸುತ್ತಾ ಕುಳಿತೆ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರೋಡ್ ಕಾಂಗ್ರೆಸ್ಸಿನ 1990ರ ಐಆರ್‌ಸಿ 106 ಮಾರ್ಗಸೂಚಿಯಲ್ಲಿ ಕಾರಿಗೆ 1, ಬಸ್ಸಿಗೆ ಒಟ್ಟು ಸಂಚಾರದಲ್ಲಿ ಅದರ ಪಾಲನ್ನು ನೋಡಿಕೊಂಡು 2.2ರಿಂದ 3.7. ಹಾಳೆಯ ಪ್ರಕಾರ ರಸ್ತೆಯನ್ನು ತಿನ್ನುತ್ತಿದ್ದುದು ಬಸ್ಸು. ಆದರೆ ಕಂಡಕ್ಟರು ಬಾಗಿಲಿನಲ್ಲಿ ನೇತಾಡುವಷ್ಟು ತುಂಬಿದ ಒಂದು ಸಿಟಿ ಬಸ್ಸಿನಲ್ಲಿ ಐವತ್ತು ಜನರಿದ್ದರೆ, ಹೆಚ್ಚಿನ ಕಾರುಗಳಲ್ಲಿ ಒಬ್ಬರೋ ಇಬ್ಬರೋ ಇದ್ದರು. ಅಂಚಿನಲ್ಲಿ ಕಾದು ನಿಂತವರಿಗಂತೂ ನನ್ನ ಹಾಳೆಯಲ್ಲಿ ಕಲಮೇ ಇರಲಿಲ್ಲ. ಮರುದಿನ ಜನರನ್ನೂ ಎಣಿಸಿದೆ, ಅಂದಿನಿಂದ ಬಿಟ್ಟಿಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳುವುದೂ ವಾಹನಗಳಿಗಿಂತ ಜನರ ಚಲನೆಗೆ ಆದ್ಯತೆ ಕೊಡಿ ಎಂದೇ. ನೀವು ಊರಿನಲ್ಲಿದ್ದು ಮಾಡಬಹುದಾದ ಮೊದಲ ಕೆಲಸ ಇದು: ಒಂದು ಜಂಕ್ಷನ್ ಆರಿಸಿಕೊಂಡು ವಾಹನ, ಅದರೊಳಗಿನ ಜನ, ಕಾಲ್ನಡಿಗೆಯವರು ಮೂರನ್ನೂ ಎಣಿಸಿ, ಉಚಿತವಾಗಿ ಸಿಗುವ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ನಕ್ಷೆ ಮಾಡಿ. ಸಂದರ್ಶನದಲ್ಲಿ ತೋರಿಸಲು ಅಂಕಪಟ್ಟಿಗಿಂತ ಅದು ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ಎಂ.ಟೆಕ್. ಬಗ್ಗೆ: ರಸ್ತೆ ಕಾಮಗಾರಿಗೆ ಬಿ.ಇ. ಸಾಕು, ಯೋಜನೆಗೆ ಸ್ನಾತಕೋತ್ತರ ಪದವಿ ಬಹುಮಟ್ಟಿಗೆ ಬೇಕೇ ಬೇಕು. ಅದರ ಪ್ರವೇಶಕ್ಕಾಗಿ ಗೇಟ್ ಪರೀಕ್ಷೆ ಬರೆಯಿರಿ, ಅದರ ಅಂಕ ಮೂರು ವರ್ಷ ಊರ್ಜಿತವಾಗಿರುತ್ತದೆ. ಸುರತ್ಕಲ್‌ನ ಎನ್‌ಐಟಿಕೆ (ರಾಷ್ಟ್ರೀಯ ತಾಂತ್ರಿಕ ಸಂಸ್ಥೆ) ಮನೆಯ ಹತ್ತಿರವೇ ಇದೆ. ಯೋಜನೆಯನ್ನೇ ಮುಖ್ಯವಾಗಿ ಓದುವುದಾದರೆ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಇವುಗಳನ್ನೂ ನೋಡಿ. ಮುಂದೆ ಸಲಹಾ ಸಂಸ್ಥೆಗಳಲ್ಲಿ, ಮೆಟ್ರೋ ನಿಗಮಗಳಲ್ಲಿ, ನಮ್ಮ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯದಂತಹ ಕಡೆಗಳಲ್ಲಿ ಕೆಲಸವಿದೆ.

ಉತ್ತರ 2 (ಮೂಡುಬಿದಿರೆ, ರಸ್ತೆ ನಿರ್ಮಾಣ)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ರಸ್ತೆಯ ಕಡೆಯ ಕೆಲಸವನ್ನು ಕಡಿಮೆಯೆಂದು ತಿಳಿಯಬೇಡಿ, ಏಕೆಂದರೆ ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ ಬೀಳುವ ಕರಾವಳಿಯಲ್ಲಿ ಒಳ್ಳೆಯ ಯೋಜನೆಯೂ ಕೆಟ್ಟ ಚರಂಡಿಯಿಂದ ಹಾಳಾಗುತ್ತದೆ. ಗುಡ್ಡ ಕಡಿದಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ) ಅಡಿಯಲ್ಲಿ ಬಿಳಿಚಿದ ಶೇಡಿ ಮಣ್ಣು ಕಾಣಿಸುತ್ತದೆ. ಬೇಸಿಗೆಯಲ್ಲಿ ಗುದ್ದಲಿಗೂ ಜಗ್ಗದ ಅದೇ ಮಣ್ಣು, ನೀರು ಕುಡಿದರೆ ಬೆರಳುಗಳ ನಡುವೆ ಕೆಸರಾಗಿ ಜಾರುತ್ತದೆ. ಮಣ್ಣಿನ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿ, ಭಾರ ಹೊರುವ ಶಕ್ತಿಯನ್ನು ಅಳೆಯುವ ಸಿಬಿಆರ್ ಪರೀಕ್ಷೆ ಮಾಡುವುದು ಏಕೆಂದು ಪುಸ್ತಕದಲ್ಲಿ ಓದಿದ್ದು ನನಗೆ ಅರ್ಥವಾದದ್ದು ಇಂತಹ ಒಂದು ಕಡಿತದ ಬುಡದಲ್ಲಿ ನಿಂತಾಗ. ಸಾಧ್ಯವಾದರೆ ಒಂದು ವರ್ಷ ಕಾಮಗಾರಿಯ ಜಾಗದಲ್ಲಿ ದುಡಿದು ಆಮೇಲೆ ಯೋಜನೆ ಓದಲು ಹೋಗಿ. ನೀವು ಹಾಕುವ ಗೆರೆ ಯಾವ ನೆಲದ ಮೇಲೆ ಬೀಳುತ್ತದೆ ಎಂಬುದು ತಿಳಿದಿರುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಉಡುಪಿಯ ಕಲ್ಸಂಕ ಜಂಕ್ಷನ್ನಿನಲ್ಲಿ ಬರುವ ಭಾನುವಾರ ರಜೆ ಇರುವುದರಿಂದ ಎಣಿಸೋಣವೆಂದು ಗೆಳತಿಯರೊಂದಿಗೆ ಮಾತಾಡಿದ್ದೇನೆ. ಸರಿಯೇ?

ಉತ್ತರ 1ರವರಿಂದ

ಜಂಕ್ಷನ್ ಸರಿ, ದಿನ ಸರಿಯಲ್ಲ. ಭಾನುವಾರ ಕೃಷ್ಣ ಮಠಕ್ಕೆ ಬರುವ ಯಾತ್ರಿಕರ ವಾಹನಗಳು ಹೆಚ್ಚು, ಮಣಿಪಾಲದ ಕಡೆಗೆ ಕೆಲಸಕ್ಕೆ, ಕಾಲೇಜಿಗೆ ಹೋಗುವವರು ಕಡಿಮೆ. ಮಂಗಳವಾರದಿಂದ ಗುರುವಾರದೊಳಗೆ, ಹಬ್ಬ ಉತ್ಸವಗಳಿಲ್ಲದ ಒಂದು ದಿನ ಬೆಳಿಗ್ಗೆ 8ರಿಂದ 11 ಮತ್ತು ಸಂಜೆ 4ರಿಂದ 7 ಇಟ್ಟುಕೊಳ್ಳಿ. ಪ್ರತಿ ಬದಿಗೆ ಒಬ್ಬರು ನಿಂತು, ನೇರ ಹೋಗುವ, ಎಡಕ್ಕೆ ಮತ್ತು ಬಲಕ್ಕೆ ತಿರುಗುವ ವಾಹನಗಳನ್ನು ಬೇರೆ ಬೇರೆ ಬರೆದುಕೊಳ್ಳಬೇಕು. ಇನ್ನೊಬ್ಬರು ಗಡಿಯಾರ ಹಿಡಿದು, ರಸ್ತೆ ದಾಟುವವರು ಅಂಚಿಗೆ ಬಂದ ಕ್ಷಣದಿಂದ ಕಾಲಿಡುವವರೆಗೆ ಎಷ್ಟು ಸೆಕೆಂಡು ಕಾಯುತ್ತಾರೆ ಎಂದು ಬರೆಯಲಿ. ವಯಸ್ಸಾದವರಿಗೆ ಪ್ರತ್ಯೇಕ ಕಲಮು ಇರಲಿ. ಮಳೆ ಹಿಡಿದ ಮೇಲೆ ಜುಲೈಯಲ್ಲಿ ಮತ್ತೊಂದು ದಿನ ಎಣಿಸಿ ಪಕ್ಕದಲ್ಲಿಟ್ಟು ನೋಡಿ, ಕೊಡೆ ಹಿಡಿದವರ ಸೆಕೆಂಡುಗಳು ಬೇರೆಯೇ ಬರುತ್ತವೆ. ಹಾಳೆಗಳನ್ನು ಇಲ್ಲಿ ಹಾಕಿದರೆ ಲೆಕ್ಕ ಹಾಕಲು ನಾನು ಜೊತೆಗೆ ಕೂರುತ್ತೇನೆ.